ಬ್ಯಾರನ್ನಿನೊಳಗಿನ ಧೂಪ

ಹುಣಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ರಸ್ತೆಯಲ್ಲಿ, ಗುರುಪುರದ ಟಿಬೆಟನ್ ಕ್ಯಾಂಪಿಗೆ ಎರಡು ಮೈಲಿ ಈಚೆ, ಕರಿಮುದ್ದನಕೊಪ್ಪಲು ಅಂತ ಒಂದು ಸಣ್ಣ ಊರು. ಆ ಊರಿನ ಚಿಕ್ಕಸಿದ್ದಮ್ಮನಿಗೆ ಈಗ ಐವತ್ತೇಳು ವರ್ಷ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಟಿಬೆಟನ್ನರ ಭಾಷೆಯಲ್ಲಿ ಚೌಕಾಸಿ ಮಾಡಬಲ್ಲಳು, ಬೈಯಬಲ್ಲಳು, ಸಾವಿನ ಮನೆಯಲ್ಲಿ ಸಮಾಧಾನದ ಮಾತೂ ಹೇಳಬಲ್ಲಳು. ಅವಳ ತಾಯಿ ಕ್ಯಾಂಪಿನವರ ಮುಸುಕಿನ ಜೋಳದ ಹೊಲಗಳಿಗೆ ಕಳೆ ಕೀಳಲು ಹೋಗುತ್ತಿದ್ದಾಗ ಸೊಂಟದ ಮೇಲಿದ್ದ ಕೂಸು ಇವಳು. ಬದುವಿನ ಮೇಲೆ ಕ್ಯಾಂಪಿನ ಮಕ್ಕಳ ಜೊತೆ ಆಡುತ್ತಾ ಆಡುತ್ತಾ ಆ ಮಾತು ಬಾಯಿಗೆ ಹತ್ತಿತು. ಕಲಿತೆ ಅಂತ ಅವಳಿಗೆ ಅನ್ನಿಸಿದ್ದೇ ಇಲ್ಲ.

ಮದುವೆಗೆ ಮೊದಲು ಅವಳು ಊದುಬತ್ತಿ ಹೊಸೆಯುತ್ತಿದ್ದಳು. ಮದುವೆಯಾದ ಮೇಲೆ ಹೊಗೆಸೊಪ್ಪು. ಗಂಡ ಚಾಮಯ್ಯನಿಗೆ ಎರಡೂವರೆ ಎಕರೆ ಹೊಲ, ಹೊಲದ ತಲೆಗೆ ಒಂದು ಬ್ಯಾರನ್. ಹಸಿ ಎಲೆಯನ್ನು ಕಡ್ಡಿಗೆ ಕಟ್ಟಿ, ಅಟ್ಟ ಅಟ್ಟವಾಗಿ ತೂಗುಹಾಕಿ, ಕೆಳಗಿನಿಂದ ಕಾವು ಕೊಟ್ಟು ಹದ ಮಾಡುವ ಎತ್ತರದ ಕಟ್ಟಡ ಅದು. ತೊಂಬತ್ತನಾಲ್ಕರಲ್ಲಿ ಚಾಮಯ್ಯನೇ ಇಟ್ಟಿಗೆ ಹೊತ್ತು ಕಟ್ಟಿದ್ದು. ಇಪ್ಪತ್ತೈದು ವರ್ಷ ಸೊಪ್ಪು ಬೇಯಿಸಿದ ಮೇಲೆ ಅವನಿಗೆ ಕೆಮ್ಮು ಹಿಡಿಯಿತು. ಡಾಕ್ಟರು ಬೆಂಕಿಯ ಮುಂದೆ ಕೂರಬೇಡಿ ಅಂದರು. ಹೊಗೆಸೊಪ್ಪಿನ ಲೈಸೆನ್ಸು ಬಿಟ್ಟುಕೊಟ್ಟು ಶುಂಠಿ, ಜೋಳ ಬೆಳೆಯತೊಡಗಿದ. ಬ್ಯಾರನ್ನಿಗೆ ಬೀಗ ಬಿತ್ತು.

ಕೊರೊನಾದ ಎರಡನೆಯ ವರ್ಷ, ಮಳೆಗಾಲ ಮುಗಿಯುತ್ತಾ ಬಂದಿದ್ದಾಗ, ಕ್ಯಾಂಪಿನ ಯಾಂಗ್‌ಝೋಮ್ ಎಂಬ ಹೆಂಗಸು ಸಂತೆಯಲ್ಲಿ ಚಿಕ್ಕಸಿದ್ದಮ್ಮನನ್ನು ಹುಡುಕಿಕೊಂಡು ಬಂದಳು. ಮೂವತ್ತಮೂರು ಮೂವತ್ತನಾಲ್ಕರ ವಯಸ್ಸು, ಗಟ್ಟಿ ಮೈಕಟ್ಟು, ಕಡಿಮೆ ಮಾತು. ಇಲ್ಲಿ ಹುಟ್ಟಿದವಳಲ್ಲ. ಹದಿನಾಲ್ಕನೇ ವಯಸ್ಸಿಗೆ ಹಿಮದ ಕಣಿವೆ ದಾಟಿ, ನೇಪಾಳದ ಮೇಲೆ ಬಂದು, ಗುರುಪುರದಲ್ಲಿ ಸೋದರತ್ತೆಯ ಮನೆ ಸೇರಿದವಳು. ಪ್ರತಿ ಚಳಿಗಾಲ ಬೇರೆಯವರ ಜೊತೆ ದೂರದ ಊರುಗಳಿಗೆ ಹೋಗಿ ಸ್ವೆಟರ್ ಮಾರುತ್ತಿದ್ದಳು. ಕೊರೊನಾ ಬಂದು ಆ ದಾರಿ ಮುಚ್ಚಿತು. ಕೈಯಲ್ಲಿದ್ದದ್ದು ಒಂದೇ ವಿದ್ಯೆ, ಅಪ್ಪ ಕಲಿಸಿದ್ದು. ಅವನು ಟಿಬೆಟ್ಟಿನ ಮಠವೊಂದಕ್ಕೆ ಧೂಪ ಮಾಡಿಕೊಡುತ್ತಿದ್ದ. ನಮ್ಮ ಊದುಬತ್ತಿಯ ಹಾಗೆ ಒಳಗೆ ಬಿದಿರುಕಡ್ಡಿ ಇರುವುದಿಲ್ಲ. ಗಿಡಮೂಲಿಕೆಯ ಹಿಟ್ಟನ್ನು ನಾದಿ, ತುದಿಗೆ ತೂತು ಕೊರೆದ ಕೊಂಬಿನೊಳಗೆ ತುಂಬಿ, ಹೆಬ್ಬೆರಳಿನಿಂದ ಒತ್ತಿ ಎಳೆ ಎಳೆಯಾಗಿ ಹಲಗೆಯ ಮೇಲೆ ಬಿಡಬೇಕು. ಆಮೇಲೆ ನೆರಳಿನಲ್ಲಿ, ಗಾಳಿ ಜೋರಾಗಿ ಬೀಸದ ಕಡೆ, ಐದಾರು ದಿನ ಒಣಗಬೇಕು. ಬಿಸಿಲು ತಾಗಿದರೆ ಸೊಟ್ಟಗಾಗುತ್ತದೆ, ತೇವ ಇದ್ದರೆ ಬೂಷ್ಟು ಹಿಡಿಯುತ್ತದೆ.

ಅತ್ತೆಯ ಮನೆಯ ಕೋಣೆ ಸೋರುತ್ತಿತ್ತು. ಹುಣಸೂರಿನಲ್ಲಿ ಎರಡು ಮಳಿಗೆ ನೋಡಿದಳು. ಒಬ್ಬರು ಕಾಗದಪತ್ರ ಕೇಳಿ, ವಿದೇಶಿಯರ ನೋಂದಣಿ ಪುಸ್ತಕ ಕಂಡ ಕೂಡಲೇ ಆಗುವುದಿಲ್ಲ ಅಂದರು. ಇನ್ನೊಬ್ಬರು ಪೋಲೀಸಿನವರು ಬಂದು ಕೇಳಿದರೆ ತಾವೇನು ಹೇಳುವುದು ಅಂದರಂತೆ. ಅದಕ್ಕೇ, ನಿಮ್ಮ ಊರ ಕಡೆ ಯಾರಾದರೂ ಒಂದು ಷೆಡ್ಡು ಕೊಟ್ಟಾರಾ ಅಂತ ಕೇಳಲು ಬಂದಿದ್ದಳು.

ಚಿಕ್ಕಸಿದ್ದಮ್ಮ ಹೆಚ್ಚು ಯೋಚನೆ ಮಾಡಲಿಲ್ಲ. ಅವಳನ್ನು ಕರೆದುಕೊಂಡು ಹೋಗಿ ಬ್ಯಾರನ್ನಿನ ಬೀಗ ತೆಗೆಸಿದಳು. ಚಾಮಯ್ಯ ಮುಖ ಗಂಟು ಹಾಕಿಕೊಂಡೇ ನಿಂತಿದ್ದ. ಯಾಂಗ್‌ಝೋಮ್ ಒಳಗೆ ಹೋಗಿ ನಾಲ್ಕೂ ಗೋಡೆಗೆ ಅಂಗೈ ಒತ್ತಿ ನೋಡಿದಳು. ಗಾಳಿ ಯಾವ ಕಡೆಯಿಂದ ಬರುತ್ತದೆ, ಮೇಲಿನ ಕಿಂಡಿ ಎಷ್ಟು ತೆರೆಯುತ್ತದೆ, ಮಳೆಗಾಲದಲ್ಲಿ ಗೋಡೆ ಬೆವರುತ್ತದೆಯೇ ಅಂತ ಒಂದೊಂದಾಗಿ ಕೇಳಿದಳು. ಚಾಮಯ್ಯ ಮೊದಮೊದಲು ಒಂದೊಂದೇ ಪದದಲ್ಲಿ ಉತ್ತರ ಕೊಟ್ಟ. ಆಮೇಲೆ ಕಿಂಡಿಯನ್ನು ಯಾಕೆ ಆ ಅಳತೆಗೆ ಇಟ್ಟೆ, ಅಡಿಪಾಯಕ್ಕೆ ಯಾವ ಕಲ್ಲು ಹಾಕಿದೆ ಅಂತ ತಾನೇ ಹೇಳತೊಡಗಿದ. ಇಪ್ಪತ್ತೇಳು ವರ್ಷಗಳಲ್ಲಿ ಆ ಕಟ್ಟಡದ ಬಗ್ಗೆ ಯಾರೂ ಅವನನ್ನು ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಸಂಜೆಯ ಹೊತ್ತಿಗೆ ಒಪ್ಪಿಕೊಂಡಿದ್ದ.

ಮೊದಲ ಎರಡು ತಿಂಗಳು ಚಿಕ್ಕಸಿದ್ದಮ್ಮನೇ ಜೊತೆಗೆ ಕೂತು ಹಿಟ್ಟು ನಾದಿದಳು. ಕ್ಯಾಂಪಿನವರು ಉತ್ತರದಿಂದ ಬರುವಾಗ ತರುತ್ತಿದ್ದ ಒಂದು ಬೆಟ್ಟದ ಗಿಡದ ಒಣಸೊಪ್ಪು, ಹುಣಸೂರಿನ ಗ್ರಂಧಿಗೆ ಅಂಗಡಿಯ ಜಟಾಮಾಂಸಿ, ಕಚೋರ, ಲವಂಗ, ಇನ್ನೂ ಹತ್ತಾರು ಬಗೆ. ಒಣಗಿದ ಎಳೆಗಳು ನಡುವೆ ಬಿರುಕು ಬಿಡುತ್ತಿದ್ದವು. ಊದುಬತ್ತಿಯ ಕಾಲದ ನೆನಪಿನಿಂದ ಚಿಕ್ಕಸಿದ್ದಮ್ಮ ಜಿಗಟು ಎಂಬ ಅಂಟುಪುಡಿಯನ್ನು ತರಿಸಿ, ಬೆರಳಲ್ಲೇ ಹದ ನೋಡಿ ಬೆರೆಸಿದಳು. ಬಿರುಕು ನಿಂತಿತು. ಬೈಲಕುಪ್ಪೆಯ ಮಠವೊಂದರಿಂದ ಮುನ್ನೂರು ಕಟ್ಟಿನ ಆರ್ಡರು ಬಂತು. ಪಿರಿಯಾಪಟ್ಟಣದ ಬಸ್ಸಿನಲ್ಲಿ ಇಬ್ಬರೂ ಎರಡು ರಟ್ಟಿನ ಪೆಟ್ಟಿಗೆ ಇಟ್ಟುಕೊಂಡು ಹೋಗಿ ಕೊಟ್ಟು ಬಂದರು.

ಹತ್ತು ದಿನಕ್ಕೆ ಮಠದಿಂದ ಕರೆ ಬಂತು. ಉಗ್ರಾಣ ನೋಡಿಕೊಳ್ಳುತ್ತಿದ್ದ ಮುದಿ ಲಾಮಾ ಇಬ್ಬರನ್ನೂ ಕೂರಿಸಿ, ಚಹಾ ಕೊಡಿಸಿ, ಒಂದು ಎಳೆ ಹಚ್ಚಿ ಅವರ ಮುಂದಿಟ್ಟ. ಯಾಂಗ್‌ಝೋಮ್‌ಳ ಮುಖ ನಿಧಾನಕ್ಕೆ ಬಿಳಚಿಕೊಳ್ಳುವುದನ್ನು ಚಿಕ್ಕಸಿದ್ದಮ್ಮ ನೋಡಿದಳು. ಅವಳಿಗೆ ಮಾತ್ರ ಏನೂ ತಿಳಿಯಲಿಲ್ಲ. ಹೊರಗೆ ಬಂದ ಮೇಲೆ ಕೇಳಿದಳು. ಧೂಪದ ಹೊಗೆಯ ಕೊನೆಯಲ್ಲಿ ಹೊಗೆಸೊಪ್ಪಿನ ವಾಸನೆ ಇದೆ ಅಂದಳು ಯಾಂಗ್‌ಝೋಮ್. ಅವರ ಪೂಜೆಯಲ್ಲಿ ಹೊಗೆಸೊಪ್ಪಿನ ಹೊಗೆ ದೊಡ್ಡ ಮೈಲಿಗೆ. ಯಾವ ದೇವರ ಮುಂದೆ ಇಡಲು ಮಾಡಿದ್ದಳೋ ಆ ದೇವರು ಮುಖ ತಿರುಗಿಸುವಂಥದ್ದು.

ಬ್ಯಾರನ್ನಿನ ಗೋಡೆ ಇಪ್ಪತ್ತೈದು ವರ್ಷ ಕುಡಿದಿದ್ದನ್ನು ಒಣಗುತ್ತಿದ್ದ ಧೂಪದ ಎಳೆಗಳು ಐದು ದಿನದಲ್ಲಿ ಕುಡಿದುಬಿಟ್ಟಿದ್ದವು. ಯಾಂಗ್‌ಝೋಮ್ ಅದನ್ನು ಯಾಕೆ ಮೊದಲೇ ಹಿಡಿಯಲಿಲ್ಲ ಅಂದರೆ, ಎರಡು ವರ್ಷ ಮುಚ್ಚಿದ್ದ ಕಟ್ಟಡದಲ್ಲಿ ಮೊದಲ ದಿನ ಧೂಳಿನ ವಾಸನೆಯೇ ಮುಂದಿತ್ತು, ಆಮೇಲೆ ಗಿಡಮೂಲಿಕೆಯ ಪುಡಿಯ ನಡುವೆ ದಿನವಿಡೀ ಕೂತವಳ ಮೂಗು ಸಂಜೆಗೆ ಮಂಕಾಗಿರುತ್ತಿತ್ತು. ಆದರೆ ಚಿಕ್ಕಸಿದ್ದಮ್ಮನನ್ನು ಕಾಡಿದ್ದು ಬೇರೆ ಮಾತು. ವಾಪಸು ಬಂದ ಎರಡು ಪೆಟ್ಟಿಗೆಯನ್ನೂ ಮನೆಯಲ್ಲಿಟ್ಟುಕೊಂಡು, ಒಂದೊಂದೇ ಎಳೆ ಹಚ್ಚಿ, ಮೂಗಿನ ಹತ್ತಿರ ಹಿಡಿದು ನೋಡಿದಳು. ಹೊಗೆಸೊಪ್ಪು ಸಿಗಲಿಲ್ಲ. ಅವಳ ಸೀರೆ, ಕೂದಲು, ಮಕ್ಕಳ ತೊಟ್ಟಿಲು, ಉಣ್ಣುವ ತಟ್ಟೆ ಎಲ್ಲಕ್ಕೂ ಅದೇ ವಾಸನೆ ಇದ್ದ ಮನೆಯಲ್ಲಿ ಬಾಳಿದವಳು. ಅವಳ ಪಾಲಿಗೆ ಅದು ವಾಸನೆಯೇ ಅಲ್ಲ, ಬರೀ ಗಾಳಿ. ಒಳ್ಳೆಯದು ಮಾಡುತ್ತೇನೆ ಅಂತ ಕರೆದುಕೊಂಡು ಬಂದು ಕೂರಿಸಿದ ಜಾಗವೇ ಆ ಹುಡುಗಿಯ ಕೆಲಸ ಕೆಡಿಸಿತಲ್ಲ, ಅದು ತನ್ನ ಮೂಗಿಗೆ ಬೀಳಲೂ ಇಲ್ಲವಲ್ಲ ಅಂದುಕೊಳ್ಳುತ್ತಾ ಇನ್ನೊಂದು ಎಳೆ ಹಚ್ಚಿದಳು.

ಯಾಂಗ್‌ಝೋಮ್ ಎಂಟು ದಿನ ಬರಲಿಲ್ಲ. ಒಂಬತ್ತನೆಯ ದಿನ ಚಿಕ್ಕಸಿದ್ದಮ್ಮ ಕ್ಯಾಂಪಿಗೆ ಹೋದಳು. ಅವಳು ಬಟ್ಟೆ ಮಡಚಿ ಚೀಲಕ್ಕೆ ತುಂಬುತ್ತಿದ್ದಳು. ಗೋವಾದ ಹೋಟೆಲೊಂದರಲ್ಲಿ ಅಡುಗೆ ಕೆಲಸ ಇದೆಯಂತೆ, ಗೊತ್ತಿದ್ದವರು ಕರೆದಿದ್ದಾರೆ ಅಂದಳು. ಅಪ್ಪ ಮಾಡಿದ ಧೂಪವನ್ನು ಯಾರೂ ಒಂದು ದಿನವೂ ವಾಪಸು ಕಳಿಸಿರಲಿಲ್ಲ ಅಂತಲೂ ಅಂದಳು. ಚಿಕ್ಕಸಿದ್ದಮ್ಮ ಹೋಗಬೇಡ ಅನ್ನಲಿಲ್ಲ. ಹಾಗೆ ಅನ್ನುವ ಹಕ್ಕು ತನಗಿಲ್ಲ ಅನ್ನಿಸಿತು.

"ನಂಗೆ ಆ ವಾಸ್ನೆ ಗೊತ್ತಾಯ್ತಿಲ್ಲ ಕಣವ್ವ," ಅಂದಳು. "ಗೋಡೆ ಕೆರೆದು ಆಕ್ತೀನಿ. ಓಯ್ತೋ ಇಲ್ವೋ ಅಂತ ಯೋಳಕ್ಕೆ ನಿನ್ ಮೂಗು ಬೇಕು. ಅಷ್ಟು ಯೋಳ್ಬುಟ್ಟು ಓಗು."

ಮಾರನೆಯ ದಿನವೇ ಕೆಲಸ ಶುರುವಾಯಿತು. ಒಳಗಿನ ಮಣ್ಣಿನ ಗಾರೆಯನ್ನು ಇಟ್ಟಿಗೆ ಕಾಣುವ ತನಕ ಕೆರೆಯಬೇಕಿತ್ತು. ಅಟ್ಟದ ಮರಗಳನ್ನೂ, ಕಾವು ಹಾಯುತ್ತಿದ್ದ ತಗಡಿನ ಕೊಳವೆಗಳನ್ನೂ ಕಿತ್ತು ಹೊರಗೆ ಹಾಕಬೇಕಿತ್ತು. ಅದನ್ನು ಚಾಮಯ್ಯನಿಗೆ ಹೇಳಲು ಚಿಕ್ಕಸಿದ್ದಮ್ಮನಿಗೆ ಬಾಯಿ ಬರಲಿಲ್ಲ. ಕೊಳವೆ ಹೋದರೆ ಅದು ಮತ್ತೆ ಯಾವತ್ತೂ ಬ್ಯಾರನ್ ಆಗುವುದಿಲ್ಲ. ಮನಸ್ಸಿನ ಮೂಲೆಯಲ್ಲಿ ಅವನು ಇನ್ನೂ ಒಂದು ದಿನ ಸೊಪ್ಪು ಬೇಯಿಸುವ ಆಸೆ ಇಟ್ಟುಕೊಂಡಿದ್ದಾನೆ ಅಂತ ಅವಳಿಗೆ ಗೊತ್ತಿತ್ತು. ಅವನು ಎರಡು ದಿನ ದೂರದಿಂದ ನೋಡುತ್ತಿದ್ದ. ಮೂರನೆಯ ದಿನ ಬೆಳಿಗ್ಗೆ ಹಾರೆ ತಗೊಂಡು ಬಂದು, ಕೊಳವೆಗಳನ್ನು ಒಂದೊಂದಾಗಿ ಮೀಟಿ ಕಿತ್ತ. ಮಧ್ಯಾಹ್ನದ ತನಕ ಕೆಮ್ಮುತ್ತಾ ಕಿತ್ತ. ಆ ಹೊತ್ತಿಗೆ ಯಾಂಗ್‌ಝೋಮ್ ಬಾಗಿಲಲ್ಲಿ ನಿಂತಿದ್ದಳು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಪೊರಕೆ ಹಿಡಿದು.

ಕೆಂಪುಮಣ್ಣು, ಸಗಣಿ, ಅದರ ಮೇಲೆ ಸುಣ್ಣ. ಸುಣ್ಣ ಒಣಗಿದ ಮೇಲೆ ಯಾಂಗ್‌ಝೋಮ್ ಒಂದು ಬಟ್ಟಲು ಹೊಸ ಬೆಣ್ಣೆಯನ್ನು ಒಳಗಿಟ್ಟು ಬಾಗಿಲು ಮುಚ್ಚಿದಳು. ಬೆಣ್ಣೆ ಹತ್ತಿರದ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ, ಅಪ್ಪ ಹೀಗೇ ಪರೀಕ್ಷೆ ಮಾಡುತ್ತಿದ್ದ ಅಂದಳು. ಮಾರನೆಯ ದಿನ ನಾಲಿಗೆಗೆ ಇಟ್ಟು ನೋಡಿ ತಲೆ ಅಲ್ಲಾಡಿಸಿದಳು. ಮತ್ತೊಂದು ಕೈ ಸುಣ್ಣ, ಮತ್ತೆ ಬೆಣ್ಣೆ. ಮತ್ತೆ ಇಲ್ಲ. ಹೀಗೆ ನಾಲ್ಕು ಸಲ. ಐದನೆಯ ಬೆಣ್ಣೆಯನ್ನು ಅವಳು ಚಪ್ಪರಿಸಿ ನುಂಗಿ, ಬಟ್ಟಲನ್ನು ಚಿಕ್ಕಸಿದ್ದಮ್ಮನ ಕಡೆ ಚಾಚಿದಳು. ಮೊದಲ ನಾಲ್ಕನ್ನೂ ನೆಕ್ಕಿ ನೋಡಿದ್ದ ಚಿಕ್ಕಸಿದ್ದಮ್ಮನಿಗೆ ಐದೂ ಬೆಣ್ಣೆಯ ರುಚಿ ಒಂದೇ ಆಗಿತ್ತು. ಆದರೂ ತಿಂದಳು. ಗೋವಾದ ಮಾತು ಮತ್ತೆ ಬರಲಿಲ್ಲ.

ಎರಡನೆಯ ಸಲ ಇವರು ಕಳಿಸಿದ ಪೆಟ್ಟಿಗೆಗಳನ್ನು ಮುದಿ ಲಾಮಾ ಇಟ್ಟುಕೊಂಡ. ಆಮೇಲೆ ಇನ್ನೆರಡು ಮಠಗಳು ಕೇಳಿದವು. ಕೊಪ್ಪಲಿನ ಸೋಮಮ್ಮ, ಭಾಗ್ಯಮ್ಮ ಕೆಲಸಕ್ಕೆ ಬರತೊಡಗಿದರು. ಇಬ್ಬರೂ ಸೊಪ್ಪು ಕಟ್ಟಿ ಪಳಗಿದವರು, ಬೆರಳು ಚುರುಕು.

ಆ ಕಾಲಕ್ಕೆ ಮೈಸೂರಿನ ಒಂದು ಸಹಾಯ ಸಂಸ್ಥೆಯಿಂದ ಧರ್ಮೇಂದ್ರ ಅನ್ನುವವರು ಬಂದರು. ನಿರಾಶ್ರಿತರ ಸಣ್ಣ ಉದ್ಯಮಗಳಿಗೆ ಒತ್ತಾಸೆಯಾಗಿ ನಿಲ್ಲುವುದು ಅವರ ಕೆಲಸ. ಒಳ್ಳೆಯ ಮನುಷ್ಯ. ಪೊಟ್ಟಣ ಕಟ್ಟುವುದು, ದರ ಹಾಕುವುದು, ವಸ್ತುಪ್ರದರ್ಶನದಲ್ಲಿ ಮಳಿಗೆ ಹಿಡಿಯುವುದು ಎಲ್ಲ ಹೇಳಿಕೊಟ್ಟರು. ಧೂಪ ಮಾಡಿ ಮಾರುವ ಪರವಾನಗಿಯ ಮಾತು ಬಂದಾಗ ಮಾತ್ರ, ಯಾಂಗ್‌ಝೋಮ್ ಹೆಸರಲ್ಲಿ ಮಾಡಿಸಲು ಓಡಾಟ ಜಾಸ್ತಿ, ಸದ್ಯಕ್ಕೆ ಸಿದ್ದಮ್ಮನವರ ಹೆಸರಲ್ಲಿ ಇರಲಿ ಅಂದರು. ಯಾಂಗ್‌ಝೋಮ್ ತಕ್ಷಣ ಹೂಂ ಅಂದಳು. ಅಷ್ಟು ಬೇಗ ಹೂಂ ಅಂದದ್ದು ಚಿಕ್ಕಸಿದ್ದಮ್ಮನಿಗೆ ಯಾಕೋ ಹಿತವಾಗಲಿಲ್ಲ, ಆದರೆ ತಿಳಿದವರು ಹೇಳುತ್ತಿದ್ದಾರೆ ಅಂತ ಹೆಬ್ಬೆಟ್ಟಿನ ಬದಲು ತನ್ನ ದಪ್ಪಕ್ಷರದ ರುಜು ಹಾಕಿದಳು.

ಮೈಸೂರಿನ ಪ್ರದರ್ಶನದಲ್ಲಿ ಯಾರೋ ಫೋಟೋ ತೆಗೆದರು. ವಾರದ ಮೇಲೆ ಅದು ಪತ್ರಿಕೆಯಲ್ಲಿ ಬಂತು. ಚಿಕ್ಕಸಿದ್ದಮ್ಮ ನಡುವೆ ನಗುತ್ತಾ ನಿಂತಿದ್ದಳು. ಯಾಂಗ್‌ಝೋಮ್‌ಳ ಒಂದು ಭುಜ ಮಾತ್ರ ಅಂಚಿನಲ್ಲಿ ಕಾಣುತ್ತಿತ್ತು. ನಿರಾಶ್ರಿತ ಮಹಿಳೆಗೆ ಕೆಲಸ ಕೊಟ್ಟ ಕೊಪ್ಪಲಿನ ಉದ್ಯಮಿ ಅಂತ ಮೇಲೆ ದಪ್ಪಕ್ಷರ. ಚಿಕ್ಕಸಿದ್ದಮ್ಮ ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದಳು. ಊರಿನವರು ಮನೆಗೆ ಬಂದು ಹೊಗಳಿ ಹೋದರು. ಚಾಮಯ್ಯ ಪತ್ರಿಕೆಯನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಎರಡು ದಿನ ತಿರುಗಿದ. ಬ್ಯಾರನ್ನಿಗೆ ಹೋದರೆ ಯಾಂಗ್‌ಝೋಮ್ ಕೂಡ ಅದನ್ನು ಕತ್ತರಿಸಿ ಗೋಡೆಗೆ ಅಂಟಿಸಿದ್ದಳು. ಚೆನ್ನಾಗಿ ಬಂದಿದ್ದೀರಿ ಅಂತ ನಕ್ಕಳು. ಆ ನಗುವಿನಲ್ಲಿ ಕೊಂಕಿರಲಿಲ್ಲ. ಅದಕ್ಕೇ ಚಿಕ್ಕಸಿದ್ದಮ್ಮನಿಗೆ ತಡೆಯಲಾಗಲಿಲ್ಲ. ನಿನಗೆ ಬೇಜಾರಾಗಲಿಲ್ಲವೇ ಅಂತ ಕೇಳಿದಳು.

"ಅಭ್ಯಾಸ ಆಗಿದೆ ಸಿದ್ದಕ್ಕ," ಅಂದಳು ಯಾಂಗ್‌ಝೋಮ್, ಕೈಯಲ್ಲಿದ್ದ ಎಳೆಗಳನ್ನು ಕಟ್ಟುತ್ತಲೇ. "ಮನೆ ಅತ್ತೆ ಹೆಸರಲ್ಲಿದೆ. ಸ್ವೆಟರ್ ಅಂಗಡಿ ಯಾರದೋ ಹೆಸರಲ್ಲಿ ಇತ್ತು. ಈ ದೇಶದಲ್ಲಿ ನನ್ನ ಹೆಸರು ಬರೆದಿರೋದು ನೋಂದಣಿ ಪುಸ್ತಕದಲ್ಲಿ ಮಾತ್ರ. ಅದರಲ್ಲಿ ಹೆಸರಿಗಿಂತ ಮೊದಲು ಹೊರಗಿನವಳು ಅಂತ ಇದೆ."

ಚಿಕ್ಕಸಿದ್ದಮ್ಮ ಆ ದಿನ ಕೆಲಸ ಮಾಡದೆ ಮನೆಗೆ ಹೋದಳು. ತಾನು ಏನನ್ನೂ ಕದ್ದಿಲ್ಲ ಅಂತ ಅವಳಿಗೆ ಗೊತ್ತು. ಆದರೂ ಕದ್ದ ಹಾಗೇ ಅನ್ನಿಸುತ್ತಿತ್ತು. ಇವತ್ತು ಹೆಸರು ಮಾತ್ರ. ನಾಳೆ ತಾನು ಕಣ್ಣು ಮುಚ್ಚಿದ ಮೇಲೆ ಮಗನೋ ಸೊಸೆಯೋ ಪರವಾನಗಿ ಕೈಯಲ್ಲಿ ಹಿಡಿದು, ಇದು ನಮ್ಮವ್ವನ ಕಸುಬು, ನೀನು ಕೂಲಿಯವಳು ಅಂದರೆ ಅವಳ ಪರವಾಗಿ ಹೇಳುವವರು ಯಾರು? ಮಗ ಚೇತನ್‌ಕುಮಾರ್ ಕೆಟ್ಟವನಲ್ಲ, ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಿನಲ್ಲಿ ಗೂಡ್ಸ್ ಗಾಡಿ ಓಡಿಸಿಕೊಂಡು ಮರ್ಯಾದೆಯಿಂದ ಇದ್ದಾನೆ. ಆದರೆ ಕಾಗದದಲ್ಲಿ ಇರುವುದನ್ನು ನಂಬುವುದು ಯಾರಿಗಾದರೂ ಸುಲಭ.

ಮಾರನೆಯ ವಾರದಿಂದ ಪರವಾನಗಿಯನ್ನು ಯಾಂಗ್‌ಝೋಮ್ ಹೆಸರಿಗೆ ಮಾಡಿಸಲು ಇಬ್ಬರೂ ಹುಣಸೂರಿನ ಆಫೀಸಿಗೆ ಓಡಾಡಲು ಶುರು ಮಾಡಿದರು. ಒಂದು ಸಲ ಗುಮಾಸ್ತರು ಇಂಥ ಅರ್ಜಿ ತಾವು ನೋಡಿಯೇ ಇಲ್ಲ ಅಂದರು. ಇನ್ನೊಂದು ಸಲ ಕ್ಯಾಂಪಿನ ಆಫೀಸಿನ ಪತ್ರ ಬೇಕು ಅಂದರು. ಪತ್ರ ತಂದರೆ ಅದರಲ್ಲಿ ಮೊಹರು ಸರಿಯಾಗಿ ಬಿದ್ದಿರಲಿಲ್ಲ. ಧರ್ಮೇಂದ್ರ ಕೂಡ ತಮ್ಮ ಸಲಹೆ ಅವಸರದ್ದಾಯಿತು ಅಂತ ಒಪ್ಪಿಕೊಂಡು, ನಿಯಮದ ಪ್ರತಿ ಹುಡುಕಿ ತಂದುಕೊಟ್ಟರು. ಐದನೆಯ ಸಲ ಹೋದಾಗ ಸಾಹೇಬರೇ ಕರೆದು, ನಿಮ್ಮ ಹೆಸರಲ್ಲಿ ಸುಸೂತ್ರವಾಗಿ ಇರುವುದನ್ನು ಯಾಕಮ್ಮ ಬಿಟ್ಟುಕೊಡುತ್ತೀರಿ ಅಂತ ಕೇಳಿದರು.

"ಬುಟ್ಟುಕೊಡಕ್ಕೆ ಅದು ನಂದಾಗಿದ್ರೆ ತಾನೆ ಸಾ," ಅಂದಳು ಚಿಕ್ಕಸಿದ್ದಮ್ಮ.

ಕೊನೆಗೆ ಉಳಿದದ್ದು ಬಾಡಿಗೆ ಕರಾರು. ಅದಿಲ್ಲದೆ ಯಾಂಗ್‌ಝೋಮ್ ಹೆಸರಿಗೆ ಏನೂ ಆಗುವ ಹಾಗಿರಲಿಲ್ಲ. ಅರಳಿಕಟ್ಟೆಯಲ್ಲಿ ಕೂರುವವರು ಚಾಮಯ್ಯನ ತಲೆ ಕೆಡಿಸಿದ್ದರು. ಬರೆದುಕೊಟ್ಟರೆ ಹೋಯಿತು, ನಾಳೆ ಬಿಡಿಸುವುದಕ್ಕೆ ಕೋರ್ಟಿಗೆ ಅಲೆಯುತ್ತೀಯ ಅಂದಿದ್ದರು. ಚಾಮಯ್ಯ ಕಾಗದವನ್ನು ಮುಂದಕ್ಕೆ ಎಳೆದುಕೊಂಡ. ರುಜು ಹಾಕುತ್ತೇನೆ, ಆದರೆ ಒಂದು ಬೀಗದ ಕೈ ತನ್ನ ಹತ್ತಿರ ಇರಬೇಕು, ತಾನು ಕಟ್ಟಿದ್ದು, ಬೇಕಾದಾಗ ಹೋಗಿ ಬರಬೇಕು ಅಂದ.

ಚಿಕ್ಕಸಿದ್ದಮ್ಮ ಅದರಲ್ಲೇನು ತಪ್ಪು ಅಂದುಕೊಂಡಳು. ಯಾಂಗ್‌ಝೋಮ್ ತಲೆ ತಗ್ಗಿಸಿ ಕೂತಿದ್ದವಳು ಮೆಲ್ಲಗೆ ಮುಖ ಎತ್ತಿದಳು.

"ಬೇಡ ಅಣ್ಣ," ಅಂದಳು. "ನೀವು ಯಾವತ್ತು ಬಂದ್ರೂ ಬಾಗಿಲು ತೆಗೀತೀನಿ. ಕೂರಿಸಿ ಟೀ ಕೊಡ್ತೀನಿ. ಬಾಡಿಗೆ ಕೊಡ್ತಾ ಇರೋವರೆಗೂ ಬೀಗದ ಕೈ ನನ್ನ ಹತ್ರಾನೇ ಇರಬೇಕು."

ಮೂರು ವರ್ಷದಲ್ಲಿ ಅವಳು ಯಾವುದಕ್ಕೂ ಬೇಡ ಅಂದವಳಲ್ಲ. ಚಾಮಯ್ಯ ಹೆಂಡತಿಯ ಮುಖ ನೋಡಿದ. ಚಿಕ್ಕಸಿದ್ದಮ್ಮನಿಗೂ ಒಂದು ಗಳಿಗೆ ಚುರುಕ್ ಅಂದಿತು. ಇಷ್ಟೆಲ್ಲ ಮಾಡಿದ ನಮ್ಮನ್ನೇ ಹೊರಗೆ ನಿಲ್ಲಿಸುತ್ತಾಳಲ್ಲ ಅನ್ನುವ ಮಾತು ನಾಲಿಗೆಯ ತುದಿಗೆ ಬಂತು. ಆದರೆ ಅದು ಬಂದ ಕೂಡಲೇ ಅವಳಿಗೆ ತನ್ನದೇ ಮನಸ್ಸು ಕಾಣಿಸಿತು. ಮಾಡಿದ ಉಪಕಾರಕ್ಕೆ ಬದಲಾಗಿ ಅವಳು ಯಾವಾಗಲೂ ತಲೆ ತಗ್ಗಿಸಿಯೇ ಇರಲಿ ಅಂತ ತಾನು ಗೊತ್ತಿಲ್ಲದೆ ಬಯಸಿದ್ದೆನಲ್ಲ, ಇಲ್ಲದಿದ್ದರೆ ಈ ಮಾತು ಯಾಕೆ ಚುಚ್ಚಬೇಕು? ಆಫೀಸಿಗೆ ಐದು ಸಲ ತಿರುಗಿದ್ದು ಇವಳು ಇಂಥ ಮಾತು ಆಡಲಿ ಅಂತಲೇ ಅಲ್ಲವೇ?

"ಕೊಟ್ಬುಡು," ಅಂದಳು ಗಂಡನಿಗೆ. "ಬಾಡ್ಗೆ ಅಂದ್ರೆ ಅದೇ ಕಣ."

ಚಾಮಯ್ಯ ಉಡಿದಾರಕ್ಕೆ ಕಟ್ಟಿಕೊಂಡಿದ್ದ ಬೀಗದ ಕೈಯನ್ನು ಬಿಚ್ಚಲು ಸ್ವಲ್ಪ ಹೊತ್ತು ಹಿಡಿಯಿತು. ಗಂಟು ಹಳೆಯದಾಗಿತ್ತು. ಬಿಚ್ಚಿ ಕಾಗದದ ಮೇಲಿಟ್ಟು, ರುಜು ಹಾಕಿದ. ನಾಲ್ಕೈದು ದಿನ ಅವನು ಬ್ಯಾರನ್ನಿನ ಕಡೆ ಹೋಗಲಿಲ್ಲ. ಆಮೇಲೆ ಒಂದು ಮಧ್ಯಾಹ್ನ ಹೋಗಿ ಬಾಗಿಲು ತಟ್ಟಿದ. ಯಾಂಗ್‌ಝೋಮ್ ಹೇಳಿದ ಹಾಗೆ ಕೂರಿಸಿ ಟೀ ಕೊಟ್ಟಳಂತೆ. ಬೆಣ್ಣೆ ಉಪ್ಪು ಹಾಕಿದ ಅವರ ಟೀ. ಚೆನ್ನಾಗಿರಲಿಲ್ಲ ಅಂತ ಮನೆಗೆ ಬಂದು ಹೇಳಿದ. ಮಾರನೆಯ ದಿನವೂ ಹೋದ.

ಪರವಾನಗಿ ಯಾಂಗ್‌ಝೋಮ್ ಹೆಸರಿಗೆ ಬಂದು ಈಗ ವರ್ಷದ ಮೇಲಾಯಿತು. ಏಳು ಜನ ಹೆಂಗಸರು ಕೆಲಸ ಮಾಡುತ್ತಾರೆ, ಚಿಕ್ಕಸಿದ್ದಮ್ಮನೂ ಸೇರಿ ನಾಲ್ವರು ಕೊಪ್ಪಲಿನವರು, ಮೂವರು ಕ್ಯಾಂಪಿನವರು. ಹುಣಸೂರಿನ ಅಂಗಡಿಗಳಲ್ಲಿ ಇನ್ನೂ ಹೆಚ್ಚು ಹೋಗುವುದಿಲ್ಲ. ನಮ್ಮವರಿಗೆ ಧೂಪ ಅಂದರೆ ಮಲ್ಲಿಗೆಯೋ ಗಂಧವೋ ಘಮ್ಮೆನ್ನಬೇಕು, ಇದು ಕಾಡಿಗೆ ಬೆಂಕಿ ಬಿದ್ದ ಹಾಗಿದೆ ಅನ್ನುತ್ತಾರೆ. ಅಂತರಸಂತೆಯ ಕಡೆಯ ಒಬ್ಬರು ಮಾತ್ರ ದನದ ಕೊಟ್ಟಿಗೆಗೆ ಒಳ್ಳೆಯದು, ಸೊಳ್ಳೆ ಬರುವುದಿಲ್ಲ ಅಂತ ಸಂತೆ ಸಂತೆಗೂ ಕೊಂಡುಹೋಗುತ್ತಾರೆ. ಅದನ್ನು ಕೇಳಿ ಯಾಂಗ್‌ಝೋಮ್ ಮೊದಲು ಮುನಿಸಿಕೊಂಡಳು, ಆಮೇಲೆ ಪುಡಿಯಾದ ಎಳೆಗಳನ್ನು ಬೇರೆ ಪೊಟ್ಟಣ ಕಟ್ಟಿ ಕಡಿಮೆ ದರಕ್ಕೆ ಅವರಿಗೇ ಕೊಡತೊಡಗಿದಳು.

ಈ ವರ್ಷ ಯುಗಾದಿ ಕಳೆದ ಮೇಲೆ ಪಕ್ಕದ ಊರಿನ ಚಲುವರಾಜು ಚಿಕ್ಕಸಿದ್ದಮ್ಮನ ಮನೆಗೆ ಬಂದ. ಅವನದೂ ಒಂದು ಬ್ಯಾರನ್ ಖಾಲಿ ಬಿದ್ದಿತ್ತು. ಯಾಂಗ್‌ಝೋಮ್ ಅದನ್ನು ನೋಡಿಕೊಂಡು ಹೋಗಿದ್ದಾಳೆ, ಬಾಡಿಗೆಗೆ ಕೇಳುತ್ತಿದ್ದಾಳೆ, ನೀವು ನಡುವೆ ನಿಂತು ಒಂದು ಮಾತು ಕೊಟ್ಟರೆ ತನಗೆ ಧೈರ್ಯ ಅಂದ. ಚಿಕ್ಕಸಿದ್ದಮ್ಮನಿಗೆ ಆ ವಿಷಯ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಯಾಂಗ್‌ಝೋಮ್ ಒಬ್ಬಳೇ ಹೋಗಿ, ಒಬ್ಬಳೇ ಗೋಡೆ ಮುಟ್ಟಿ, ಒಬ್ಬಳೇ ದರ ಮಾತಾಡಿ ಬಂದಿದ್ದಳು. ಚಿಕ್ಕಸಿದ್ದಮ್ಮ ಚಲುವರಾಜುವಿಗೆ ಮಜ್ಜಿಗೆ ಕೊಟ್ಟು, ನಡುವೆ ನಿಲ್ಲಲು ತಾನು ಯಾರು, ಅವಳ ವ್ಯವಹಾರ ಅವಳನ್ನೇ ಕೇಳಿ ಅಂತ ಹೇಳಿ ಕಳಿಸಿದಳು.

ಆ ಮಧ್ಯಾಹ್ನ ಕೆಲಸಕ್ಕೆ ಹೋದಾಗ ಅದನ್ನು ಎತ್ತಲೇ ಇಲ್ಲ. ಕೊಂಬು ಹಿಡಿದು ತನ್ನ ಹಲಗೆಯ ಮುಂದೆ ಕೂತಳು. ವಯಸ್ಸಾದ ಹೆಬ್ಬೆರಳು ಈಚೆಗೆ ಸ್ವಲ್ಪ ನಡುಗುತ್ತದೆ, ಎಳೆ ಒಂದೇ ಸಮ ಬರುವುದಿಲ್ಲ. ಯಾಂಗ್‌ಝೋಮ್ ಹಿಂದೆ ಬಂದು ನಿಂತು ನೋಡಿದಳು. ನಾಲ್ಕು ಸಾಲು ಸೊಟ್ಟಗಿದೆ, ಇದು ನಡೆಯುವುದಿಲ್ಲ ಅಂತ ಎಲ್ಲರೆದುರೇ ಹೇಳಿ, ಆ ನಾಲ್ಕೂ ಸಾಲನ್ನು ಹಲಗೆಯಿಂದ ಬಳಿದು ಮತ್ತೆ ಉಂಡೆ ಮಾಡಿ ಅವಳ ಕೈಗೇ ಕೊಟ್ಟಳು. ಸೋಮಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. ಚಿಕ್ಕಸಿದ್ದಮ್ಮ ಆಯಿತು ಅಂತ ಉಂಡೆಯನ್ನು ಮತ್ತೆ ಕೊಂಬಿಗೆ ತುಂಬಿ, ಬೆನ್ನು ನೇರ ಮಾಡಿಕೊಂಡು, ಈ ಸಲ ನಿಧಾನವಾಗಿ ಒತ್ತಿದಳು.